"ನೆಲದೊಳಗೆ ಹೊಳೆ ಹರಿಯುತ್ತೆ ಮಿಸ್": ಈ ಮಕ್ಕಳಿಗೆ ಅಂತರ್ಜಲದ ಪಾಠ ಎಲ್ಲಿಂದ ಶುರು ಮಾಡಲಿ?

ಮುಳಬಾಗಿಲು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ತರಗತಿ, 34 ಮಕ್ಕಳು. ಅರ್ಧ ಮಕ್ಕಳ ಮನೆಮಾತು ತೆಲುಗು. ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಟೊಮೆಟೊ, ರೇಷ್ಮೆ, ಇಲ್ಲಾಂದರೆ ಹಸು ಇದೆ. ಅಂದರೆ ಬೋರ್ ಇದೆ, ಅಥವಾ ಒಣಗಿಹೋದ ಬೋರ್ ಇದೆ.

ಹೋದ ತಿಂಗಳು ಅಂತರ್ಜಲದ ಪಾಠ ಇತ್ತು. ಶುರು ಮಾಡೋಕೆ ಮೊದಲು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟೆ. "ನಿಮ್ಮ ಹೊಲದ ಬೋರ್ ಪಕ್ಕ ನೆಲವನ್ನ ಕಲ್ಲಂಗಡಿ ಕೊಯ್ದ ಹಾಗೆ ಕೊಯ್ದರೆ ಒಳಗೆ ಏನು ಕಾಣುತ್ತೆ? ಬರೆದು ತೋರಿಸಿ" ಅಂದೆ.

ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹೊಳೆ ಬರೆದರು. ಮೇಲೆ ಹೊಲ, ಕೆಳಗೆ ಬಂಡೆ, ಬಂಡೆಯೊಳಗೆ ಗುಹೆ, ಗುಹೆಯಲ್ಲಿ ನೀಲಿ ಹೊಳೆ. ಒಬ್ಬ ಹುಡುಗ ಅದರಲ್ಲಿ ಎರಡು ಮೀನು, ಒಂದು ಆಮೆ ಕೂಡ ಬಿಟ್ಟಿದ್ದ. ಕೆಲವರು ದೊಡ್ಡ ಕೆರೆ ಬರೆದಿದ್ದರು. ಇಬ್ಬರು ಸಮುದ್ರದಿಂದ ನಮ್ಮೂರಿನ ತನಕ ಪೈಪ್ ಥರ ದಾರಿ ಎಳೆದಿದ್ದರು. ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು. ಪೂರ್ತಿ ಕಪ್ಪು ಬಂಡೆ, ಅದರೊಳಗೆ ಮರದ ಬೇರಿನ ಹಾಗೆ ಕವಲೊಡೆದ ಸಣ್ಣ ಸಣ್ಣ ನೀಲಿ ಗೆರೆ. ಪಕ್ಕದಲ್ಲಿ "ನೀರಿನ ನರ" ಅಂತ ಬರೆದು ಬಾಣದ ಗುರುತು ಹಾಕಿದ್ದಳು.

ಹಾಳೆಗಳನ್ನ ವಾಪಸ್ ತೆಗೆದುಕೊಂಡೆ. ಆಮೇಲೆ ಬೋರ್ಡ್ ಮೇಲೆ ನಾನು ಯಾವಾಗಲೂ ಬರೆಯುವ ಚಿತ್ರವನ್ನೇ ಬರೆದೆ. ಮೇಲೆ ಮಣ್ಣು, ನಡುವೆ ನೀರು ತುಂಬಿದ ಪದರ, ಕೆಳಗೆ ಗಟ್ಟಿ ಬಂಡೆ. "ಒಳಗೆ ಹೊಳೆ ಇರೋದಿಲ್ಲ, ನರ ಇರೋದಿಲ್ಲ. ಕಲ್ಲುಮಣ್ಣಿನ ಸಂದಿಯಲ್ಲಿ ನೀರು ನಿಂತಿರುತ್ತೆ" ಅಂತ ಹೇಳಿದೆ. ಹಿಂದಿನ ಬೆಂಚಿನ ಹುಡುಗ "ಹಂಗಾದ್ರೆ ಎಲ್ಲಿ ಕೊರೆದ್ರೆ ನೀರು ಬೀಳುತ್ತೆ ಅಂತ ಪಾಯಿಂಟ್ ತೋರಿಸೋರಿಗೆ ಹೆಂಗೆ ಗೊತ್ತಾಗುತ್ತೆ ಮಿಸ್?" ಅಂತ ಕೇಳಿದ. ಗಂಟೆ ಹೊಡೆಯೋ ಹೊತ್ತು. "ಅದೆಲ್ಲಾ ಮೂಢನಂಬಿಕೆ" ಅಂದುಬಿಟ್ಟೆ.

ನರ ಬರೆದ ಹುಡುಗಿಯ ತಾತನೇ ಸುತ್ತಮುತ್ತ ಏಳೆಂಟು ಊರಿಗೆ ಪಾಯಿಂಟ್ ತೋರಿಸುವವರು ಅಂತ ನನಗೆ ಗೊತ್ತಾಗಿದ್ದು ಮರುದಿನ. ಅವತ್ತಿಂದ ಅವಳು ನನ್ನ ಕ್ಲಾಸಿನಲ್ಲಿ ಕೈ ಎತ್ತಿಲ್ಲ. ಕೇಳಿದರೆ ಉತ್ತರ ಹೇಳುತ್ತಾಳೆ, ಕೂತುಕೊಳ್ಳುತ್ತಾಳೆ. ಇದು ನನಗೆ ನಿದ್ದೆ ಕೆಡಿಸಿದೆ.

ಇನ್ನೊಂದು ಸಂಗತಿ. ಕಿರುಪರೀಕ್ಷೆಯಲ್ಲಿ ಎಲ್ಲರೂ "ಕಲ್ಲುಮಣ್ಣಿನ ಸಂದಿ" ಅಂತ ಸರಿಯಾಗಿ ಬರೆದರು. ಅದೇ ವಾರ ಶಾಲೆಯ ಬೋರ್ ನಿಂತುಹೋಯಿತು. ಟ್ಯಾಂಕ್ ಹತ್ತಿರ ನಿಂತಿದ್ದ ಮಕ್ಕಳು ಮಾತಾಡಿಕೊಳ್ಳುತ್ತಿದ್ದರು: "ಕೆಳಗಿನ ಹೊಳೆ ದಾರಿ ಬದಲಾಯಿಸ್ತು ಕಣೋ." ಪೂರ್ತಿ ಅಂಕ ತೆಗೆದ ಹುಡುಗನೇ ಹೇಳುತ್ತಿದ್ದ.

ಅಂದರೆ ನನ್ನ ಪಾಠ ಪರೀಕ್ಷೆಯ ಹಾಳೆಗೆ ಹೋಯಿತು. ತಲೆಯೊಳಗಿನ ಹೊಳೆ ಹಾಗೇ ಹರಿಯುತ್ತಿದೆ. ಮಕ್ಕಳಿಗೆ ಗೊತ್ತಿರೋದರಿಂದಲೇ ಹಿಡಿದು ಈ ಪಾಠವನ್ನ ಮತ್ತೆ ಮಾಡಬೇಕು ಅಂತ ಇದ್ದೇನೆ. ಯಾರಾದರೂ ಮಾಡಿದ್ದೀರಾ? ಆ ಹುಡುಗಿಯ ವಿಷಯದಲ್ಲಿ ಏನು ಮಾಡಲಿ?

ಹೊಳಲ್ಕೆರೆ ನಿವೃತ್ತ ಮೇಷ್ಟ್ರು

ಮೇಡಂ, ಮೊದಲು ಆ ಹುಡುಗಿಯ ಚಿತ್ರದ ವಿಷಯ. ನಿಮ್ಮ ತರಗತಿಯಲ್ಲಿ ನಿಮ್ಮೂರಿನ ನೆಲಕ್ಕೆ ತುಂಬಾ ಹತ್ತಿರದ ಚಿತ್ರ ಬರೆದವಳು ಅವಳೇ. ನಿಮ್ಮ ಬೋರ್ಡಿನ ಚಿತ್ರ ಗಂಗಾ ಬಯಲಿನಂಥ ಮರಳು, ಮೆಕ್ಕಲು ಮಣ್ಣಿನ ನೆಲಕ್ಕೆ ಒಪ್ಪುತ್ತೆ. ಕೋಲಾರದ ಕಡೆ ಇರೋದು ಗ್ರಾನೈಟ್, ಮತ್ತೆ ಅದರ ಹಾಗೇ ಗಟ್ಟಿಯಾದ ನೈಸ್ (gneiss) ಅನ್ನೋ ಬಂಡೆ. ಮೇಲೆ ಒಂದಷ್ಟು ಕೆಂಪು ಮಣ್ಣು, ಅದರ ಕೆಳಗೆ ಕೊಳೆತ ಬಂಡೆ, ನಾವು ಗೊರಚು ಅನ್ನುತ್ತೇವಲ್ಲ ಅದು. ಅದರ ಕೆಳಗೆ ಗಟ್ಟಿ ಬಂಡೆ. ಗಟ್ಟಿ ಬಂಡೆಯಲ್ಲಿ ನೀರು ಇರೋದು ಬಿರುಕಿನಲ್ಲಿ ಮಾತ್ರ. ಬಿರುಕನ್ನ "ನರ" ಅಂದರೆ ತಪ್ಪೇನು? ಅವಳ ಚಿತ್ರದಲ್ಲಿ ಮೇಲಿನ ಗೊರಚು ಒಂದು ಬಿಟ್ಟುಹೋಗಿದೆ, ಅಷ್ಟೇ. ಅದನ್ನ ಸೇರಿಸಿದರೆ ಪಾಠ ಮುಗಿಯಿತು. ಇದನ್ನ ಅವಳಿಗೆ ಒಬ್ಬಳಿಗೇ ಕರೆದು ಹೇಳಬೇಡಿ. ಎಲ್ಲರ ಮುಂದೆ ಹೇಳಿ. ಮಾತು ಬಿದ್ದಿದ್ದು ಎಲ್ಲರ ಮುಂದೆ ಅಲ್ವಾ?

ಇನ್ನು ಹೊಳೆ. ನಾನೂ ಮೊದಲ ಹತ್ತು ವರ್ಷ "ಹೊಳೆ ಇಲ್ಲ" ಅಂತಲೇ ಹೇಳಿದೆ. ಯಾವ ಮಗುವೂ ಎದುರು ಹೇಳಲಿಲ್ಲ, ಯಾವ ಮಗುವೂ ನಂಬಲಿಲ್ಲ. ಯಾಕೆ ಅಂದರೆ ಅವರು ಕಣ್ಣಾರೆ ನೋಡಿದ್ದಾರೆ. ಬೋರ್ ಕೊರೆಯುವಾಗ ನೀರು ಬಿತ್ತು ಅಂದರೆ ಕಂಪ್ರೆಸರ್ ಗಾಳಿಗೆ ನೀರು ತೆಂಗಿನ ಮರದೆತ್ತರ ಎದ್ದು ಬರುತ್ತೆ. ಮನೆಯವರೆಲ್ಲ ಕೈ ಮುಗಿಯುತ್ತಾರೆ. ಅಷ್ಟು ರಭಸ ನೋಡಿದ ಮಗು ಕೆಳಗೆ ಹೊಳೆ ಇದೆ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕು? ಆ ರಭಸ ಗಾಳಿಯದ್ದು ಅಂತ ಅವರಿಗೆ ಯಾರೂ ಹೇಳಿಲ್ಲ.

ಆಮೇಲೆ ನಾನು ದಾರಿ ಬದಲಾಯಿಸಿದೆ. "ಸರಿ, ಹೊಳೆ ಇದೆ ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೆ ನಿಮ್ಮ ಬೋರ್‌ನಲ್ಲಿ ಏನೇನು ಆಗಬೇಕು?" ಅಂತ ಕೇಳಿದೆ. ಅವರೇ ಹೇಳಿದರು. ಮೋಟರ್ ರಾತ್ರಿಯೆಲ್ಲ ಓಡಿದರೂ ನೀರು ನಿಲ್ಲಬಾರದು. ಹೊಳೆಯ ದಾರಿಯಲ್ಲಿರೋ ಪಕ್ಕದ ಹೊಲದಲ್ಲೂ ನೀರು ಬೀಳಬೇಕು. ಎಲ್ಲವನ್ನೂ ಬೋರ್ಡ್ ಮೇಲೆ ಬರೆದೆ. "ನಾಳೆ ಮನೆಯಲ್ಲಿ ಕೇಳಿಕೊಂಡು ಬನ್ನಿ, ಹಾಗೇ ಆಗುತ್ತಾ?" ಅಂದೆ.

ಮರುದಿನ ಬಂದ ಸುದ್ದಿ ಬೇರೆ. ಮುಕ್ಕಾಲು ಗಂಟೆ ಚೆನ್ನಾಗಿ ಬರುತ್ತೆ, ಆಮೇಲೆ ಬಿಟ್ಟುಬಿಟ್ಟು ಬರುತ್ತೆ. ಎರಡು ಗಂಟೆ ನಿಲ್ಲಿಸಿದರೆ ಮತ್ತೆ ಬರುತ್ತೆ. ಇಪ್ಪತ್ತು ಮಾರು ಆಚೆ ಕೊರೆಸಿದ ಬೋರ್‌ನಲ್ಲಿ ಬರೀ ಧೂಳು. ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಆಗ ಒಬ್ಬ ಹುಡುಗ, ಅವನ ಮನೆಯಲ್ಲಿ ನಾಲ್ಕು ಹಸು ಇದ್ದವು, ಎದ್ದು ನಿಂತು "ಹೊಳೆ ಅಲ್ಲ ಸಾರ್, ಕೆಚ್ಚಲು. ಕರೆದರೆ ಖಾಲಿ ಆಗುತ್ತೆ, ಬಿಟ್ಟರೆ ಮತ್ತೆ ತೊರೆಯುತ್ತೆ" ಅಂದ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ನಾನು ಕೇಳಿದ ಅತ್ಯುತ್ತಮ ಉತ್ತರ ಅದು. ಆಮೇಲೆ ನಾನು ಪಾಠ ಮಾಡಿದ್ದು ಆ ಕೆಚ್ಚಲನ್ನ ಹಿಡಿದೇ. ಕೆಚ್ಚಲಿಗೆ ಹಾಲು ಎಲ್ಲಿಂದ ಬರುತ್ತೆ? ಮೇವಿನಿಂದ. ಬೋರ್‌ಗೆ ಮೇವು ಯಾವುದು? ಮಳೆ. ಮೇವು ಕಡಿಮೆಯಾಗಿ ದಿನಕ್ಕೆ ಮೂರು ಸಲ ಕರೆದರೆ? ಅವರೇ ಹೇಳಿಕೊಂಡು ಹೋದರು.

ಜೊತೆಗೆ ಎರಡು ಪ್ರಯೋಗ ಮಾಡಿ. ಹತ್ತು ಲೀಟರ್ ಬಕೆಟ್‌ಗೆ ಮುಕ್ಕಾಲು ಇಂಚಿನ ಜಲ್ಲಿ ಬಾಯಿ ಮಟ್ಟಕ್ಕೆ ತುಂಬಿ. "ಇದು ತುಂಬಿದೆಯಾ?" ಅಂತ ಕೇಳಿ. ತುಂಬಿದೆ ಅನ್ನುತ್ತಾರೆ. ಒಂದು ಲೀಟರ್ ಚೊಂಬಿನಲ್ಲಿ ನೀರು ಹಾಕುತ್ತಾ ಹೋಗಿ, ಮಕ್ಕಳು ಎಣಿಸಲಿ. ನಾಲ್ಕು ಚೊಂಬು ಹಿಡಿಯುತ್ತೆ. ಮೂರನೇ ಚೊಂಬಿಗೆ ಅವರ ಮುಖ ನೋಡಬೇಕು.

ಇನ್ನೊಂದು, ಸುಟ್ಟ ಇಟ್ಟಿಗೆ ಮತ್ತೆ ಒಂದು ತುಂಡು ಗ್ರಾನೈಟ್. ಎರಡನ್ನೂ ತೂಕ ಹಾಕಿ, ರಾತ್ರಿಯೆಲ್ಲ ನೀರಿನಲ್ಲಿ ಇಟ್ಟು ಬೆಳಗ್ಗೆ ಒರೆಸಿ ಮತ್ತೆ ತೂಗಿ. ನಮ್ಮ ಇಟ್ಟಿಗೆ 2 ಕೆಜಿ 600 ಗ್ರಾಂ ಇದ್ದದ್ದು 3 ಕೆಜಿ 50 ಗ್ರಾಂ ಆಗಿತ್ತು. ಗ್ರಾನೈಟ್‌ಗೆ ದಿನಸಿ ಅಂಗಡಿಯ ತಕ್ಕಡಿ ಅಲುಗಲೇ ಇಲ್ಲ. ಆಗ ಕೇಳಿ: ಇಂಥ ಕಲ್ಲಿನೊಳಗೆ ನೀರು ಎಲ್ಲಿರುತ್ತೆ? ಬಿರುಕಿನ ಮಾತು ಅವರ ಬಾಯಿಂದಲೇ ಬರುತ್ತೆ.

ಬೋರ್ ಲಾರಿ ಹುಡುಗ

ಮೇಡಂ ನಮಸ್ತೆ. ನಾನು ಮೇಷ್ಟ್ರಲ್ಲ. ಎಸ್ಸೆಲ್ಸಿ ಆದ ಮೇಲೆ 11 ವರ್ಷ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡಿದ್ದೇನೆ. ಲಾರಿ ತಿರುಚೆಂಗೋಡಿನದ್ದು, ಕೆಲಸ ಎಲ್ಲಾ ಕೋಲಾರ, ಚಿಂತಾಮಣಿ ಕಡೆ. ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರೋಕೆ ಆಗಲಿಲ್ಲ.

ನೆಲದೊಳಗೆ ಏನಿದೆ ಅಂತ ಮಕ್ಕಳಿಗೆ ತೋರಿಸೋಕೆ ಚಿತ್ರಕ್ಕಿಂತ ಒಳ್ಳೇದು ಒಂದಿದೆ. ಬೋರ್ ಕೊರೆಯುವಾಗ ಬರುವ ಪುಡಿ. ನಮ್ಮ ರಾಡ್ ಒಂದೊಂದು 20 ಅಡಿ. ಒಂದೊಂದು ರಾಡ್ ಇಳಿದಾಗಲೂ ಒಂದು ಹಿಡಿ ಪುಡಿ ತೆಗೆದು ಹಳೇ ಬಿಸ್ಕೆಟ್ ಡಬ್ಬಿಗೋ ಗಾಜಿನ ಸೀಸೆಗೋ ಹಾಕಿಸಿ, ಮೇಲೆ ಅಡಿ ಬರೆಸಿ. ಮೊದಲ ಸೀಸೆ ಕೆಂಪು ಮಣ್ಣು. ಆಮೇಲೆ ಹಳದಿ, ಕಂದು ಗೊರಚು, ಕೈಯಲ್ಲಿ ಹಿಸುಕಿದರೆ ಉದುರುತ್ತೆ. ಅಲ್ಲಿ ತನಕ ಕುಸಿಯುತ್ತೆ, ಅದಕ್ಕೇ ಕೇಸಿಂಗ್ ಪೈಪ್ ಇಳಿಸೋದು. ನಿಮ್ಮ ಮನೆ ಬೋರ್‌ಗೆ ಕೇಸಿಂಗ್ ಎಷ್ಟು ಅಡಿ ಹೋಗಿದೆ ಅಂತ ಮಕ್ಕಳು ಅಪ್ಪನ್ನ ಕೇಳಿದರೆ ಸಾಕು, ಅವರ ಹೊಲದಲ್ಲಿ ಮಣ್ಣು, ಗೊರಚು ಸೇರಿ ಸುಮಾರು ಎಷ್ಟು ದಪ್ಪ ಅಂತ ಗೊತ್ತಾಗಿಬಿಡುತ್ತೆ. ಅದರ ಕೆಳಗೆ ಬೂದಿ ಬಣ್ಣದ ನುಣ್ಣನೆ ಪುಡಿ, ರಾಗಿ ಹಿಟ್ಟಿನ ಹಾಗೆ. ಅದು ಬಂಡೆ. ಅದೇ ಪುಡಿ ಗಂಟೆಗಟ್ಟಲೆ ಬರುತ್ತೆ.

ಮಧ್ಯೆ ಸದ್ದು ಬದಲಾಗುತ್ತೆ. ಹ್ಯಾಮರ್ ಒಂದೇ ಸಮ ಹೊಡೀತಾ ಇದ್ದದ್ದು ತಟಕ್ಕನೆ ಸಡಿಲ ಆಗುತ್ತೆ, ರಾಡ್ ಒಂಚೂರು ತಾನಾಗಿ ಇಳಿಯುತ್ತೆ. ನಾವು "ಗ್ಯಾಪ್ ಸಿಕ್ತು" ಅಂತೀವಿ. ಧೂಳು ನಿಂತು ಕೆಸರು ಬರುತ್ತೆ, ಕೆಸರಿನ ಹಿಂದೆ ನೀರು. ಆ ಗ್ಯಾಪ್‌ನಿಂದ ಬರುವ ಕಲ್ಲಿನ ಚೂರು ನೋಡಿ. ಒಂದು ಮುಖ ತುಕ್ಕು ಹಿಡಿದ ಹಾಗೆ ಕಂದು ಇರುತ್ತೆ. ನೀರು ಓಡಾಡಿದ ಗುರುತು ಅದು. ಆ ಹುಡುಗಿ ಬರೆದ ನರ ಅದೇ ಮೇಡಂ. ಗ್ಯಾಪ್ ಸಾಮಾನ್ಯವಾಗಿ ಬೆರಳು ತೂರುವಷ್ಟು, ಕೆಲವು ಸಲ ಅದೂ ಇಲ್ಲ. ಮೀನು, ಆಮೆಗೆ ಜಾಗ ಇಲ್ಲ ಅಂತ ಆ ಹುಡುಗನಿಗೆ ಹೇಳಿ.

ಇನ್ನೊಂದು, "ಎರಡು ಇಂಚು ನೀರು" ಅಂದರೆ ಪೈಪಿನ ದಪ್ಪ ಅಂತ ಮಕ್ಕಳು ಮಾತ್ರ ಅಲ್ಲ, ದೊಡ್ಡವರೂ ತಿಳಿದಿರುತ್ತಾರೆ. ಅದಲ್ಲ. ವಿ ಆಕಾರಕ್ಕೆ ಕತ್ತರಿಸಿದ ತಗಡು ಇಟ್ಟು ನೀರು ಅದರ ಮೇಲೆ ಹರಿಸುತ್ತೇವೆ. ಆ ವಿ ಒಳಗೆ ನೀರು ಎಷ್ಟು ಇಂಚು ಎತ್ತರ ನಿಲ್ಲುತ್ತೋ ಅಷ್ಟು ಇಂಚು. ಮೇಲೆ ಹೋದಷ್ಟೂ ವಿ ಅಗಲ ಆಗುತ್ತಲ್ಲ, ಹಾಗಾಗಿ ಎರಡು ಇಂಚು ಅಂದರೆ ಒಂದು ಇಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟು. ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚಿಗೆ 2,900ರ ಹತ್ತಿರ. ಡಬ್ಬದ ತಗಡಿನಲ್ಲಿ ಶಾಲೆಯಲ್ಲೇ ಮಾಡಿ ನೋಡಬಹುದು.

ಪಾಯಿಂಟ್ ತೋರಿಸೋರ ವಿಷಯ. ಅಂಗೈ ಮೇಲಿಟ್ಟ ತೆಂಗಿನಕಾಯಿ ಎದ್ದು ನಿಂತಿದ್ದಕ್ಕೂ ನೀರಿಗೂ ನಂಟು ನನಗೆ ಕಂಡಿಲ್ಲ. ಕಾಯಿ ನಿಂತ ಜಾಗದಲ್ಲಿ ಸಾವಿರದ ಇನ್ನೂರು ಅಡಿ ಒಣ ಧೂಳು ಹೊಡೆದಿದ್ದೇವೆ. ಹೊಲದ ಯಜಮಾನ ಆ ರಾತ್ರಿ ಕಲ್ಲಿನ ಮೇಲೆ ಕೂತಿದ್ದನ್ನ ಮರೆಯೋಕಾಗಲ್ಲ. ಆದರೆ ಹಳಬರಲ್ಲಿ ಕೆಲವರು ಕಾಯಿ ಹಿಡಿಯೋಕೆ ಮೊದಲು ಅರ್ಧ ಗಂಟೆ ಹೊಲ ಸುತ್ತುತ್ತಾರೆ. ಇಳಿಜಾರು ನೋಡುತ್ತಾರೆ, ಹುತ್ತ ನೋಡುತ್ತಾರೆ, ಅತ್ತಿ ಮರ ನೋಡುತ್ತಾರೆ, ಬೇಸಿಗೆಯಲ್ಲಿ ಹಸಿರು ಎಲ್ಲಿ ಉಳಿದಿದೆ ಅಂತ ಕೇಳುತ್ತಾರೆ. ಅದು ಕಣ್ಣಿನ ಅನುಭವ. ಆ ತಾತನನ್ನ ಅದನ್ನೇ ಕೇಳಿ.

ಮಕ್ಕಳನ್ನ ಹೊರಗೆ ಕರೆದುಕೊಂಡು ಹೋದರೆ ಫೇಲಾದ ಬೋರ್‌ಗಳ ಬಾಯಿ ಮುಚ್ಚಿದೆಯಾ ಅಂತ ನೀವೇ ಮೊದಲು ಹೋಗಿ ನೋಡಿ ಬನ್ನಿ. ಮುಚ್ಚಲೇಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಗೋಣಿಚೀಲ ಹೊದಿಸಿ ಮೇಲೊಂದು ಕಲ್ಲಿಟ್ಟ ಬಾಯಿಗಳು ಈಗಲೂ ಇವೆ.

ಬಂಟ್ವಾಳದ ಅಕ್ಕ

ಕರಾವಳಿಯಿಂದ ಒಂದು ಮಾತು. ನಮ್ಮ ಮಕ್ಕಳಿಗೆ ಕೆಳಗೆ ಹೊಳೆ ಇದೆ ಅನ್ನೋ ಕಲ್ಪನೆ ಅಷ್ಟಾಗಿ ಇಲ್ಲ. ಅವರ ಚಿತ್ರದಲ್ಲಿ ನೀರು ಇರೋದು ಗುಡ್ಡದ ಹೊಟ್ಟೆಯಲ್ಲಿ. ಯಾಕೆ ಅಂದರೆ ಇಲ್ಲಿ ಸುರಂಗ ಇದೆ. ಮಾಣಿಲದ ಕಡೆ, ಆಚೆ ಕಾಸರಗೋಡಿನ ಕಡೆ, ಗುಡ್ಡದ ಬದಿಯಿಂದ ಅಡ್ಡಲಾಗಿ ಮನುಷ್ಯ ಬಗ್ಗಿ ಹೋಗುವಷ್ಟು ದಾರಿ ಕೊರೆಯುತ್ತಾರೆ. ಒಳಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಯಿಂದ ನೀರು ತೊಟ್ಟಿಕ್ಕುತ್ತದೆ. ಅದು ತೋಡಿನಲ್ಲಿ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ. ಕರೆಂಟು, ಪಂಪು ಏನೂ ಬೇಡ.

ಹಾಗಾಗಿ ನನ್ನ ಪಾಠ ಶುರುವಾಗೋದು "ಗುಡ್ಡಕ್ಕೆ ನೀರು ಕುಡಿಸಿದವರು ಯಾರು?" ಅನ್ನೋದರಿಂದ. ಹಿಂದಿನವರು ಗುಡ್ಡದ ಮೇಲೆ ಮದಕ ಮಾಡಿ ಮಳೆನೀರು ನಿಲ್ಲಿಸುತ್ತಿದ್ದರು. ಮದಕ ಮುಚ್ಚಿಹೋದ ಕಡೆ ಕೆಳಗಿನ ಸುರಂಗ ಯಾವ ತಿಂಗಳಲ್ಲಿ ಬತ್ತುತ್ತದೆ ಅಂತ ಮಕ್ಕಳೇ ಅಜ್ಜಿಯಂದಿರನ್ನು ಕೇಳಿ ಬರೆದುಕೊಂಡು ಬಂದರು. ನಿಮ್ಮ ಊರಿನ ಮಗುವಿನ ಚಿತ್ರ ನಿಮ್ಮ ಊರಿನ ಕಲ್ಲಿನಿಂದ ಬಂದಿದೆ, ನಮ್ಮ ಮಗುವಿನದ್ದು ನಮ್ಮ ಕಲ್ಲಿನಿಂದ. ಒಂದೇ ಪಾಠ ಎರಡೂ ಕಡೆ ಓದಿಸಿದರೆ ಎರಡೂ ಕಡೆ ಅರ್ಧಂಬರ್ಧ ಆಗುತ್ತದೆ ಅನ್ನೋದು ನನ್ನ ಅನುಭವ.

ಅಂತರ್ಜಲದ ಕೆಲಸದಲ್ಲಿದ್ದವನು

ಮೇಷ್ಟ್ರ ಬಕೆಟ್ ಪ್ರಯೋಗ ನನಗೆ ತುಂಬಾ ಇಷ್ಟ. ಆದರೆ ಅಲ್ಲೇ ನಿಲ್ಲಿಸಬೇಡಿ ಮೇಡಂ. ಹತ್ತಕ್ಕೆ ನಾಲ್ಕು ಚೊಂಬು ಹಿಡಿಯುತ್ತೆ ಅಂತ ನೋಡಿದ ಮಗು, ನಮ್ಮ ಹೊಲದ ಕೆಳಗೂ ಅಷ್ಟೇ ನೀರಿದೆ ಅಂದುಕೊಳ್ಳುತ್ತೆ. ಕೋಲಾರದ ಗೊರಚಿನಿಂದ ಕೈಗೆ ಸಿಗೋದು ನೂರಕ್ಕೆ ಒಂದೂವರೆಯಿಂದ ಮೂರು ಪಾಲು ಅಷ್ಟೇ. ಸರ್ಕಾರಿ ಅಂತರ್ಜಲ ಲೆಕ್ಕದಲ್ಲಿ ಬಳಸುವ ಅಂಕಿ ಇದು. ಕೆಳಗಿನ ಬಂಡೆಯಲ್ಲಿ ಅದೂ ಇಲ್ಲ. ಅದಕ್ಕೇ "ಆಳಕ್ಕೆ ಹೋದಷ್ಟೂ ನೀರು ಜಾಸ್ತಿ" ಅನ್ನೋ ನಂಬಿಕೆ ಹೊಳೆಗಿಂತ ಅಪಾಯದ್ದು. ಹೊಳೆ ಇದೆ ಅಂದುಕೊಂಡರೆ ಮನೆ ಮುಳುಗೋದಿಲ್ಲ. ಆಳದಲ್ಲಿ ನೀರಿದೆ ಅಂದುಕೊಂಡು ಸಾವಿರದ ಐನೂರು ಅಡಿ ಕೊರೆಸಿದರೆ ಮುಳುಗುತ್ತೆ.

ಹಾಗಾಗಿ ಎರಡು ಬಕೆಟ್ ಇಡಿ. ಒಂದಕ್ಕೆ ಜಲ್ಲಿ, ಒಂದಕ್ಕೆ ಗೊರಚು ಮಣ್ಣು. ಎರಡಕ್ಕೂ ತಳದಲ್ಲಿ ಮೊಳೆಯಿಂದ ತೂತು ಮಾಡಿ, ಬಟ್ಟೆ ತುರುಕಿ ಮುಚ್ಚಿ. ನೀರು ತುಂಬಿಸಿ, ತೂತು ಬಿಡಿಸಿ, ಎಷ್ಟು ವಾಪಸ್ ಬರುತ್ತೆ ಅಳೆಯಿರಿ. ಜಲ್ಲಿ ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಡುತ್ತೆ. ಮಣ್ಣು ಒಂದು ಪಾಲನ್ನ ಹಿಡಿದುಕೊಂಡುಬಿಡುತ್ತೆ. ನೀರು ಇರೋದು ಬೇರೆ, ಸಿಗೋದು ಬೇರೆ.

ಎಂಟನೇ ತರಗತಿಯವರು ಮಾಡಬಹುದಾದ ಒಂದು ಲೆಕ್ಕವೂ ಇದೆ. ನಿಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಈ ಥರದ ನೆಲದಲ್ಲಿ ಅದರ ನೂರಕ್ಕೆ ಎಂಟರಿಂದ ಹನ್ನೊಂದು ಪಾಲು ಮಾತ್ರ ಕೆಳಗೆ ಇಳಿಯುತ್ತೆ ಅಂತ ಲೆಕ್ಕ ಹಿಡಿಯುತ್ತಾರೆ. ಹತ್ತು ಅಂತ ಇಟ್ಟುಕೊಳ್ಳಿ, 70 ಮಿಲಿಮೀಟರ್. ಒಂದು ಎಕರೆಯಲ್ಲಿ 1 ಮಿಲಿಮೀಟರ್ ನೀರು ಅಂದರೆ 4,047 ಲೀಟರ್. ಗುಣಿಸಿದರೆ ಸುಮಾರು 2 ಲಕ್ಷ 83 ಸಾವಿರ ಲೀಟರ್. ಒಂದು ಎಕರೆಗೆ ಇಡೀ ವರ್ಷಕ್ಕೆ ಮಳೆ ಕೆಳಗೆ ಕಳಿಸೋದು ಅಷ್ಟು. ಈಗ ಲಾರಿ ತಮ್ಮ ಹೇಳಿದ ಎರಡು ಇಂಚಿನ ಬೋರ್ ತೆಗೆದುಕೊಳ್ಳಿ, ಗಂಟೆಗೆ 2,900 ಲೀಟರ್. 98 ಗಂಟೆಗೆ ಮುಗಿಯಿತು. ದಿನಕ್ಕೆ ಆರು ಗಂಟೆ ಕರೆಂಟ್ ಅಂದರೆ ಹದಿನೇಳು ದಿನ. ಹದಿನೆಂಟನೇ ದಿನ ಬರುವ ನೀರು ಯಾರದ್ದು ಅಂತ ಕೇಳಿ. ಉತ್ತರ ನೀವು ಹೇಳಬೇಡಿ.

ಅಂದಹಾಗೆ, ಇದೇ 70 ಮಿಲಿಮೀಟರ್ ನೀರು ನೂರಕ್ಕೆ ಮೂರು ಪಾಲು ಜಾಗ ಇರುವ ಗೊರಚಿಗೆ ಇಳಿದರೆ ಬಾವಿಯ ಮಟ್ಟ ಎರಡು ಮೀಟರ್‌ಗಿಂತ ಜಾಸ್ತಿ ಏರುತ್ತೆ. ಕಾಲಿನ ಗಿಣ್ಣು ಮುಚ್ಚುವಷ್ಟು ನೀರು, ಆಳೆತ್ತರ ಏರಿಕೆ. ಕೆರೆ ಕೋಡಿ ಬಿದ್ದ ವರ್ಷ ತೆರೆದ ಬಾವಿಗಳು ಯಾಕೆ ಅಷ್ಟು ಬೇಗ ತುಂಬುತ್ತವೆ ಅನ್ನೋದಕ್ಕೆ ಇದೇ ಕಾರಣ. 2018ರಿಂದ ಕೆಸಿ ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ನಿಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅಂಥ ಕೆರೆಯ ಕೆಳಗಿನ ಬಾವಿ, ದೂರದ ಬಾವಿ ಎರಡನ್ನೂ ಮಕ್ಕಳು ಹಗ್ಗಕ್ಕೆ ಗಂಟು ಕಟ್ಟಿ ಹದಿನೈದು ದಿನಕ್ಕೊಮ್ಮೆ ಅಳೆಯಲಿ. ಕಟ್ಟೆ ಇರುವ ಬಾವಿ ಆಗಿರಲಿ, ದೊಡ್ಡವರು ಜೊತೆಗಿರಲಿ.

ಮುಳಬಾಗಿಲು ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರ ಆಯಿತು. ಏನೇನಾಯಿತು ಅಂತ ಬರೆಯುತ್ತಿದ್ದೇನೆ.

ಮೊದಲು ಆ ಹುಡುಗಿ. ಮೇಷ್ಟ್ರು ಹೇಳಿದ ಹಾಗೆ ಎಲ್ಲರ ಮುಂದೆಯೇ ಹೇಳಿದೆ. ಅವಳ ಹಾಳೆಯನ್ನ ಬೋರ್ಡಿಗೆ ಅಂಟಿಸಿ, "ನಾನು ಬರೆದ ಚಿತ್ರ ಬೇರೆ ಕಡೆಯ ನೆಲದ್ದು. ನಮ್ಮೂರಿನ ನೆಲ ಹೀಗಿದೆ. ನಾನು ಅವತ್ತು ನರ ಇಲ್ಲ ಅಂದಿದ್ದು ತಪ್ಪು" ಅಂದೆ. ತಾತನ ಬಗ್ಗೆ ಏನೂ ಹೇಳಲಿಲ್ಲ. ಅವಳು ತಲೆ ಎತ್ತಲಿಲ್ಲ, ಆದರೆ ಕಿವಿ ಕೆಂಪಾಗಿತ್ತು. ಸಂಜೆ ಬಂದು "ಮೇಲೆ ಗೊರಚು ಸೇರಿಸಿ ಕೊಡ್ತೀನಿ ಮಿಸ್" ಅಂತ ಹಾಳೆ ವಾಪಸ್ ತೆಗೆದುಕೊಂಡು ಹೋದಳು.

ತಾತ ಶಾಲೆಗೆ ಬರೋಕೆ ಒಪ್ಪಲಿಲ್ಲ. ನಾನೇ ಒಂದು ಭಾನುವಾರ ಮನೆಗೆ ಹೋದೆ. ಮಜ್ಜಿಗೆ ಕೊಟ್ಟರು. ಏನು ನೋಡುತ್ತೀರಿ ಅಂತ ಕೇಳಿದ್ದಕ್ಕೆ, ಲಾರಿ ತಮ್ಮ ಬರೆದಿದ್ದಾರಲ್ಲ, ಹೆಚ್ಚುಕಡಿಮೆ ಅದನ್ನೇ ಹೇಳಿದರು. ಹಳ್ಳದ ದಿಕ್ಕು, ಹುತ್ತ, ಅತ್ತಿ. ಇನ್ನೊಂದು ಹೊಸದು ಹೇಳಿದರು. ಮಾಗಿಯಲ್ಲಿ ಬೆಳಗಿನ ಜಾವ ಮಂಜು ಎಲ್ಲಿ ತಡವಾಗಿ ಏಳುತ್ತೆ ಅಂತ ನೋಡುತ್ತಾರಂತೆ. ಕಾಯಿಯ ವಿಷಯ ನಾನು ಎತ್ತಲಿಲ್ಲ. ಅವರಾಗಿ ಎತ್ತಿದರು: "ಕಾಯಿ ಇಲ್ಲದೆ ಹೋದರೆ ಯಾರೂ ನಂಬೋದಿಲ್ಲಮ್ಮ." ಅದಕ್ಕೆ ನನಗೆ ಉತ್ತರ ಹೊಳೆಯಲಿಲ್ಲ.

"ಹೊಳೆ ಇದ್ದರೆ ಏನಾಗಬೇಕು" ಅನ್ನೋದು ಎರಡು ದಿನದ ಪಾಠ ಆಯಿತು. ಮಕ್ಕಳು ತಮ್ಮ ಮನೆ ಬೋರ್‌ಗಳ ಪಟ್ಟಿ ಮಾಡಿದರು. ಯಾವ ವರ್ಷ, ಎಷ್ಟು ರಾಡ್, ಕೇಸಿಂಗ್ ಎಷ್ಟು, ಈಗ ಎಷ್ಟು ಇಂಚು. ಒಂದು ಮನೆಯಲ್ಲಿ ಐದು ಬೋರ್, ನಾಲ್ಕು ಸತ್ತಿವೆ. ಆ ಹುಡುಗ ಐದನ್ನೂ ಸಾಲಾಗಿ ಬರೆದ. ಒಂದಕ್ಕಿಂತ ಒಂದು ಆಳ. ಕೊನೆಯದಕ್ಕೆ ತಂಗಿಯ ಓಲೆ ಅಡವಿಟ್ಟಿದ್ದು ಅಂತ ಬಾಯಿಬಿಟ್ಟು ಹೇಳಿದ. ನಾನು ಕೇಳಿರಲಿಲ್ಲ. ಇಂಥ ಮಾತು ಬಂದಾಗ ಪಟ್ಟಿ ಮುಂದುವರಿಸಬೇಕಾ, ನಿಲ್ಲಿಸಬೇಕಾ ಅಂತ ನನಗೆ ಆ ಕ್ಷಣ ತಿಳಿಯಲಿಲ್ಲ. ನಿಲ್ಲಿಸಿದೆ. ಮರುದಿನ ಅವನೇ ಬಂದು "ಲೆಕ್ಕ ಬಾಕಿ ಇದೆ ಮಿಸ್" ಅಂದ.

ಹದಿನೇಳು ದಿನದ ಲೆಕ್ಕ ಬೋರ್ಡ್ ಮೇಲೆ ಇದ್ದಾಗ ತರಗತಿ ಪೂರ್ತಿ ನಿಶ್ಶಬ್ದ. ಆಮೇಲೆ ಒಬ್ಬಳು "ಮಿಸ್, ನಮ್ಮ ಪಕ್ಕದ ಹೊಲದವರಿಗೆ ಬೋರ್ ಇಲ್ಲ. ಹಂಗಾದ್ರೆ ಅವರ ನೀರು ನಾವು ತೆಗೀತಾ ಇದ್ದೀವಾ?" ಅಂತ ಕೇಳಿದಳು. ನಾನು ಉತ್ತರ ಹೇಳಲಿಲ್ಲ ಸರ್, ನೀವು ಹೇಳಿದ ಹಾಗೆ.

ಹಳೇ ಕಲ್ಲು ಕ್ವಾರಿಗೂ ಹೋಗಿದ್ದೆವು. ದೂರದಿಂದಲೇ ನೋಡಿದ್ದು. ಕಡಿದ ಬಂಡೆಯ ಗೋಡೆ ಒಣಗಿ ಬೆಳ್ಳಗಿತ್ತು. ಅದರಲ್ಲಿ ಒಂದೇ ಒಂದು ಬಿರುಕು ಮೇಲಿಂದ ಓರೆಯಾಗಿ ಇಳಿದಿತ್ತು. ಅದರುದ್ದಕ್ಕೂ ಕಪ್ಪು ಒದ್ದೆ ಗೆರೆ, ಗೆರೆಯ ಮೇಲೆ ಪಾಚಿ, ನಡುವೆ ಒಂದು ಅರಳಿ ಗಿಡ ಬೇರು ಬಿಟ್ಟಿತ್ತು. ಮಕ್ಕಳೆಲ್ಲ ತಿರುಗಿ ಆ ಹುಡುಗಿಯ ಮುಖ ನೋಡಿದರು.

ವಾಪಸ್ ಬರುವಾಗ ಅವಳು ನನ್ನ ಪಕ್ಕ ನಡೆಯುತ್ತಾ ಒಂದು ಪ್ರಶ್ನೆ ಕೇಳಿದಳು. ಇಷ್ಟು ದಿನದ ಮೇಲೆ ಅವಳಾಗಿ ಕೇಳಿದ್ದು. "ನಮ್ಮ ನರದಲ್ಲಿ ರಕ್ತ ಓಡೋಕೆ ಹೃದಯ ತಳ್ಳುತ್ತೆ. ಬಂಡೆ ನರದಲ್ಲಿ ನೀರನ್ನ ಯಾರು ತಳ್ಳುತ್ತಾರೆ ಮಿಸ್?"

ನಾಳಿದ್ದು ಇದೇ ಪಾಠ. ಇಳಿಜಾರು, ಒತ್ತಡ ಅಂತ ಬಾಯಲ್ಲಿ ಹೇಳಿಬಿಡಬಹುದು. ಆದರೆ ಅವಳಿಗೆ ಗೊತ್ತಿರುವ ವಸ್ತುವಿನಿಂದಲೇ ತೋರಿಸಬೇಕು. ಏನು ಮಾಡಲಿ?

ಬೋರ್ ಲಾರಿ ಹುಡುಗ

ಮೇಡಂ, ಗಾರೆ ಕೆಲಸದವರ ಹತ್ತಿರ ಮಟ್ಟ ನೋಡೋ ಟ್ಯೂಬ್ ಇರುತ್ತಲ್ಲ, ಒಳಗಿನ ನೀರು ಕಾಣುವಂಥದ್ದು. ನಿಮ್ಮ ಮಕ್ಕಳಲ್ಲಿ ಯಾರದಾದರೂ ಅಪ್ಪನ ಹತ್ತಿರ ಇದ್ದೇ ಇರುತ್ತೆ. ಎರಡು ಬಾಟಲಿಯ ತಳಕ್ಕೆ ಎರಡು ತುದಿ ಸಿಕ್ಕಿಸಿ, ಎಂ ಸೀಲ್ ಹಾಕಿ. ಒಂದು ಬಾಟಲಿ ಸ್ಟೂಲಿನ ಮೇಲೆ, ಒಂದು ನೆಲದ ಮೇಲೆ. ಮೇಲಿನದಕ್ಕೆ ನೀರು ಹಾಕಿದರೆ ತಾನಾಗಿ ಕೆಳಗಿನದಕ್ಕೆ ಓಡುತ್ತೆ, ಯಾರೂ ತಳ್ಳೋದು ಬೇಡ. ಎರಡನ್ನೂ ಒಂದೇ ಮಟ್ಟಕ್ಕೆ ಇಟ್ಟು ನೋಡಿ, ನಿಂತುಬಿಡುತ್ತೆ. ಆಮೇಲೆ ಒಂದು ಬಾಟಲಿಯಿಂದ ಸ್ವಲ್ಪ ನೀರು ಹೊರಗೆ ತೆಗೆಯಿರಿ, ನಾವು ಮೋಟರ್ ಹಾಕಿದ ಹಾಗೆ. ಇನ್ನೊಂದರಿಂದ ಹರಿದು ಬರುತ್ತೆ.

ನೀರಿಗೆ ಒಂಚೂರು ಅರಿಶಿನ ಹಾಕಿ, ಹಿಂದಿನ ಬೆಂಚಿಗೂ ಕಾಣಲಿ. ಟ್ಯೂಬ್ ಒಳಗೆ ಗಾಳಿಗುಳ್ಳೆ ಉಳಿಯದ ಹಾಗೆ ಮೊದಲೇ ಬೆರಳಲ್ಲಿ ತಟ್ಟಿ ತೆಗೆದುಬಿಡಿ, ಇದ್ದರೆ ಮಟ್ಟ ತಪ್ಪು ತೋರಿಸುತ್ತೆ.